‘ಅಪ್’ ಬಂದಲ್ಲೆಲ್ಲ ಏರಿಕೆ ಇರುವುದಿಲ್ಲ

ಕಲಬುರಗಿಯ ಮೋಮಿನಪುರದ ಕಿರಾಣಿ ಅಂಗಡಿಯಲ್ಲಿ ತೊಗರಿ ಬ್ಯಾಳಿಯ ದರ ಕೇಳಿದರೆ ಉತ್ತರ ಎರಡು ಭಾಷೆಯಲ್ಲಿ ಸಿಗುತ್ತದೆ. ಕನ್ನಡದಲ್ಲಿ ‘ಭಾವ ಏರ್ಯಾದ್ರೀ’, ದಖನಿಯಲ್ಲಿ ‘ಭಾವ್ ಬಢ್ ಗಯಾ’. ಅದನ್ನೇ ಇಂಗ್ಲಿಷಿನಲ್ಲಿ ಬರೆಯಲು ಕೂತ ಪಿಯುಸಿ ಹುಡುಗ ‘ರೇಟ್ ಇನ್‌ಕ್ರೀಸ್ಡ್ ಅಪ್’ ಎಂದೋ ‘ರೋಸ್ ಅಪ್’ ಎಂದೋ ಬರೆದುಬಿಡುತ್ತಾನೆ. ‘ಗೋ ಅಪ್’ ಎಂಬ ಜೋಡಿಪದ ಅವನಿಗೆ ಗೊತ್ತಿಲ್ಲವೆಂದಲ್ಲ, ‘ಅಪ್’ ಬಗ್ಗೆ ಯಾರೋ ತುಂಬಿದ ನಂಬಿಕೆಗಳು ಅಡ್ಡಬರುತ್ತವೆ.

ಯಾವ ಕ್ರಿಯಾಪದಕ್ಕೆ ‘ಅಪ್’ ಹಚ್ಚಿದರೂ ಹೆಚ್ಚಳದ ಅರ್ಥ ಬರುತ್ತದೆ ಎಂಬುದು ಅವುಗಳಲ್ಲಿ ಮೊದಲನೆಯದು. ‘ಇನ್‌ಕ್ರೀಸ್’ನಲ್ಲಿ ಹೆಚ್ಚಳ ಮೊದಲೇ ಇದೆ, ಅದಕ್ಕೆ ಬಾಲ ಬೇಡ. ‘ರೈಸ್ ಅಪ್’ ಎಂಬುದನ್ನು ಜನ ಬಂಡೆದ್ದಾಗ ಹೇಳುತ್ತಾರೆ. ತೊಗರಿ ದರಕ್ಕೆ ಹೇಳಿದರೆ ಬ್ಯಾಳಿಯೇ ದಂಗೆ ಎದ್ದಂತೆ ಕೇಳುತ್ತದೆ. ‘ಡ್ರೈ ಅಪ್’, ‘ಯೂಸ್ ಅಪ್’ಗಳಲ್ಲಂತೂ ಲೆಕ್ಕವೇ ತಿರುಗುಮುರುಗು. ಬಿರುಬೇಸಿಗೆಗೆ ಕೆರೆ ಬತ್ತಿದರೆ ‘ಡ್ರೈ ಅಪ್’, ಡಬ್ಬಿಯ ಬ್ಯಾಳಿ ತೀರಿದರೆ ‘ಯೂಸ್ ಅಪ್’. ನೀರೂ ಇಲ್ಲ, ಬ್ಯಾಳಿಯೂ ಇಲ್ಲ, ‘ಅಪ್’ ಮಾತ್ರ ಇದೆ! ಇಲ್ಲಿ ಅದಕ್ಕೆ ‘ಪೂರ್ತಿಯಾಗಿ’ ಎಂಬ ಅರ್ಥ.

ಇನ್ನೊಂದು ತಪ್ಪು ಹೆಚ್ಚು ಕುತೂಹಲದ್ದು. ‘ಅಂಗಡಿಯವ ರೇಟ್ ವೆಂಟ್ ಅಪ್ ಮಾಡಿದ’ ಎಂಬ ಧಾಟಿಯಲ್ಲಿ ಕಟ್ಟಿದ ಇಂಗ್ಲಿಷ್ ವಾಕ್ಯ ನಿಲ್ಲುವುದಿಲ್ಲ. ‘ಗೋ ಅಪ್’ಗೆ ಏರಿಸುವವನು ಬೇಡ, ದರ ತಾನೇ ಏರುತ್ತದೆ. ಏರಿಸಿದವನನ್ನು ಹೆಸರಿಸಬೇಕಿದ್ದರೆ ‘ಪುಟ್ ಅಪ್’ ಬೇಕು. ಕಮಲಾಪುರದ ಕೆಂಪು ಬಾಳೆಯ ದರ ‘ವೆಂಟ್ ಅಪ್’, ಆದರೆ ವ್ಯಾಪಾರಿ ಅದನ್ನು ‘ಪುಟ್ ಇಟ್ ಅಪ್’; ‘ಇಟ್’ ನಡುವೆಯೇ ಕೂರಬೇಕು, ಕೊನೆಗೆ ಬರುವಂತಿಲ್ಲ. ಕನ್ನಡಿಗರಿಗೆ ಇದು ಕಷ್ಟವಾಗಬಾರದಿತ್ತು. ‘ಏರಿತು’, ‘ಏರಿಸಿದ’ ಎಂಬ ವ್ಯತ್ಯಾಸವನ್ನು ಮೂರು ವರ್ಷದ ಮಗುವೂ ತಪ್ಪದೆ ಮಾಡುತ್ತದೆ. ‘ಕ್ರಿಯಾಪದ + ಅಪ್’ ಎಂದು ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವಾಗ ಈ ನೆಂಟಸ್ತನವನ್ನು ಯಾರೂ ತೋರಿಸುವುದಿಲ್ಲ.

ಏರಿಕೆ ಎಷ್ಟು, ಎಲ್ಲಿಯವರೆಗೆ ಎಂಬಲ್ಲೂ ಗೊಂದಲವಿದೆ. ‘ಬೈ’, ‘ಟು’ ಎರಡೂ ಒಂದೇ ಎಂದುಕೊಂಡವರು ತೊಗರಿಯ ಬೆಂಬಲ ಬೆಲೆ ನೋಡಲಿ. 2023–24ರಲ್ಲಿ ಕೇಂದ್ರ ಸರ್ಕಾರದ ಬೆಲೆ ಕ್ವಿಂಟಲ್‌ಗೆ 7,000 ರೂಪಾಯಿ, ಮರುವರ್ಷ 7,550, 2025–26ಕ್ಕೆ 8,000. ಅಂದರೆ ಮೊದಲ ಸಲ ‘ವೆಂಟ್ ಅಪ್ ಬೈ 550’, ‘ವೆಂಟ್ ಅಪ್ ಟು 7,550’. ‘ಟು 550’ ಎಂದು ಬರೆದರೆ ಓದಿದ ರೈತನ ಎದೆ ಒಡೆದೀತು.

ಇಂಥ ಜೋಡಿಪದಗಳು ಬೀದಿ ಇಂಗ್ಲಿಷ್, ಗಂಭೀರ ಬರಹಕ್ಕೆ ಸಲ್ಲವು ಎಂದು ಹೇಳುವ ಮೇಷ್ಟ್ರುಗಳೂ ಇದ್ದಾರೆ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲೇ ಇವುಗಳಿಗೆ ಜಾಗ ಕೊಟ್ಟು, ಪರಭಾಷಿಕರಿಗೆ ಇವು ಬಲು ತೊಡಕೆಂದು ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದ. ಅಷ್ಟು ದೂರವೇಕೆ, ಭೌತವಿಜ್ಞಾನದ ಪಠ್ಯದಲ್ಲೇ ‘ಸ್ಟೆಪ್ ಅಪ್’ ಟ್ರಾನ್ಸ್‌ಫಾರ್ಮರ್ ಇದೆ. ವಿದ್ಯುತ್ ಸ್ಥಾವರದಲ್ಲಿ ವೋಲ್ಟೇಜ್ ಏರಿಸುವುದು ಅದೇ. ಬಡಾವಣೆಯ ಕಂಬದ ಮೇಲೆ ಗುಂಯ್‌ಗುಡುವುದು ಮಾತ್ರ ‘ಸ್ಟೆಪ್ ಡೌನ್’. 11,000 ವೋಲ್ಟನ್ನು 400ರ ಆಸುಪಾಸಿಗೆ ಇಳಿಸಿ ಮನೆಗಳಿಗೆ ಬಿಡುತ್ತದೆ.