ವಿದ್ಯುತ್ ಹರಿಸುವ ರಬ್ಬರು, ಪ್ಲಾಸ್ಟಿಕ್: ಪ್ರಮಾಣದಷ್ಟೇ ಕಣದ ಆಕಾರವೂ ಮುಖ್ಯ

ರಟ್ಟೀಹಳ್ಳಿ, ಹಿರೇಕೆರೂರು, ಹಾನಗಲ್ಲ ಭಾಗದ ವರ್ತಕರಿಗೆ ಗೋವಿನಜೋಳ ನಿತ್ಯದ ಸರಕು. ಅದನ್ನು ಬಕೆಟ್ ಎಲಿವೇಟರಿನಿಂದ ಮೇಲೆತ್ತುವಾಗ ಧೂಳೇಳುತ್ತದೆ. ಬೆಲ್ಟಿನ ಘರ್ಷಣೆಯಿಂದ ಸ್ಥಿರ ವಿದ್ಯುತ್ ಸಂಗ್ರಹವಾಗುತ್ತದೆ. ಮುಚ್ಚಿದ ಜಾಗದಲ್ಲಿ ಧೂಳು ದಟ್ಟವಾಗಿದ್ದರೆ ಒಂದು ಕಿಡಿಯೇ ಸ್ಫೋಟಕ್ಕೆ ಸಾಕಾಗಬಹುದು. ಆದುದರಿಂದ ಬೆಲ್ಟು ಆ ವಿದ್ಯುತ್ತನ್ನು ಭೂಮಿಗೆ ಹರಿಯಬಿಡುವಂತಿರಬೇಕು.

ರಬ್ಬರು, ಪ್ಲಾಸ್ಟಿಕ್‌ಗಳು ಸ್ವಭಾವತಃ ವಿದ್ಯುತ್ ನಿರೋಧಕಗಳು. ಇಂಗಾಲ ಅಥವಾ ಲೋಹದ ಕಣ ಬೆರೆಸಿ ಅವನ್ನು ವಾಹಕವಾಗಿಸುತ್ತಾರೆ. ಕಪ್ಪಾಗಿರುವುದೆಲ್ಲ ವಾಹಕವಲ್ಲ. ನೀರಾವರಿಯ ಕಪ್ಪು ಎಚ್‌ಡಿಪಿಇ ಪೈಪಿನಲ್ಲಿ ಸುಮಾರು 2.5% ಇಂಗಾಲವಿದ್ದರೂ ಅದು ಬಿಸಿಲಿನಿಂದ ರಕ್ಷಣೆಗಷ್ಟೇ. ಪೈಪು ನಿರೋಧಕವಾಗಿಯೇ ಉಳಿಯುತ್ತದೆ. ಕಣಗಳು ಒಂದಕ್ಕೊಂದು ತಾಗಿ ಸರಪಳಿಯಾದಾಗ ಮಾತ್ರ ವಿದ್ಯುತ್ ಹರಿಯುತ್ತದೆ. ಆ ಘಟ್ಟದಲ್ಲಿ ರೋಧವು ಲಕ್ಷಾಂತರ ಪಟ್ಟು ಕುಸಿಯಬಹುದು. ಇದಕ್ಕೆ ಪರ್ಕೊಲೇಶನ್ ಮಿತಿ ಎಂದು ಹೆಸರು.

ಈ ಮಿತಿಯನ್ನು ನಿರ್ಧರಿಸುವುದರಲ್ಲಿ ಆಕಾರದ ಪಾತ್ರ ಹಿರಿದು. ಚೀಲದೊಳಗೆ ಸಾಸಿವೆ ಕಾಳುಗಳು ಅಲ್ಲಲ್ಲಿ ಚದುರಿದರೆ ಒಂದಕ್ಕೊಂದು ತಾಗಲು ಬಹಳಷ್ಟು ಕಾಳು ಬೇಕು. ಅದೇ ಹತ್ತಿಕಟ್ಟಿಗೆಗಳಾದರೆ ಕೆಲವೇ ಸಾಕು, ಅಡ್ಡಾದಿಡ್ಡಿಯಾಗಿ ಬಿದ್ದು ತಾಗುತ್ತವೆ. ಹಾಗೆಯೇ ಗುಂಡನೆಯ ಕಣಗಳಿಗೆ ಗಾತ್ರದ ಲೆಕ್ಕದಲ್ಲಿ ಸುಮಾರು 16% ಬೇಕಾದರೆ, ದಪ್ಪಕ್ಕಿಂತ 100 ಪಟ್ಟು ಉದ್ದದ ನಾರಿಗೆ ತಾತ್ತ್ವಿಕವಾಗಿ 1%ಕ್ಕಿಂತ ಕಡಿಮೆ ಸಾಕು. ದ್ರಾಕ್ಷಿ ಗೊಂಚಲಿನಂತೆ ಕವಲೊಡೆದ ಕಾರ್ಬನ್ ಬ್ಲ್ಯಾಕ್ ಇವೆರಡರ ನಡುವಿನದು. ಇಂಗಾಲದ ನ್ಯಾನೊ ನಳಿಕೆಗಳಿಗೆ ಇನ್ನೂ ಕಡಿಮೆ ಸಾಕಾಗುತ್ತದೆ. ಆದರೆ ಬೆಲೆ ಹೆಚ್ಚು, ಸಮನಾಗಿ ಹರಡುವುದೂ ಕಷ್ಟ.

ಮಿಶ್ರಣ ಕಡಿಮೆಯಾದಷ್ಟೂ ತಯಾರಕರಿಗೆ ಲಾಭ. ಅತಿಯಾದ ಪುಡಿಯಿಂದ ಪ್ಲಾಸ್ಟಿಕ್ ಬಿರುಸಾಗುತ್ತದೆ, ಅಚ್ಚಿನಲ್ಲಿ ಸರಾಗವಾಗಿ ಹರಿಯುವುದಿಲ್ಲ. ಆದರೆ ನಾರಿಗೂ ದೋಷಗಳುಂಟು. ಯಂತ್ರದಲ್ಲಿ ಬಲವಾಗಿ ಕಲಸಿದರೆ ನಾರು ತುಂಡಾಗುತ್ತದೆ. ಅಚ್ಚಿಗೆ ಹರಿಯುವಾಗ ಒಂದೇ ದಿಕ್ಕಿಗೆ ಮಲಗಿದರೆ ಉದ್ದಕ್ಕೆ ಹರಿದಷ್ಟು ವಿದ್ಯುತ್ ಅಡ್ಡಕ್ಕೆ ಹರಿಯದು. ಕಾರ್ಬನ್ ಬ್ಲ್ಯಾಕಿನ ಗೊಂಚಲೂ ಅತಿಯಾಗಿ ಕಲಸಿದರೆ ಒಡೆಯುತ್ತದೆ. ಒಂದೇ ಪಾಕದ ಎರಡು ಸರಕುಗಳು ಬೇರೆಬೇರೆ ಫಲ ಕೊಡಲು ಇದೂ ಒಂದು ಕಾರಣ.

ಆದುದರಿಂದ ಖರೀದಿಸುವಾಗ ಶೇಕಡಾ ಎಷ್ಟು ಇಂಗಾಲ ಎಂದಷ್ಟೇ ಕೇಳಿದರೆ ಸಾಲದು. ಯಾವ ಬಗೆಯದು, ಸಿದ್ಧ ವಸ್ತುವಿನ ರೋಧವೆಷ್ಟು, ಯಾವ ದಿಕ್ಕಿನಲ್ಲಿ ಅಳೆಯಲಾಗಿದೆ ಎಂಬುದಕ್ಕೆ ಲಿಖಿತ ಪರೀಕ್ಷಾ ವರದಿ ಪಡೆಯಬೇಕು. ಬೆಲ್ಟುಗಳಿಗೆ ಐಎಸ್ಒ 284 ಪರೀಕ್ಷೆಯಲ್ಲಿ ರೋಧವು 30 ಕೋಟಿ ಓಮ್ ಮೀರಬಾರದೆಂಬುದು ರೂಢಿಯ ಮಿತಿ. ಎಂಥ ಉತ್ತಮ ಬೆಲ್ಟಾದರೂ ಯಂತ್ರಕ್ಕೆ ಸರಿಯಾದ ಅರ್ಥಿಂಗ್ ಇಲ್ಲದಿದ್ದರೆ, ಒಳಗಿನ ಧೂಳನ್ನು ಆಗಾಗ ತೆಗೆಯದಿದ್ದರೆ, ಕೊಟ್ಟ ಹಣ ವ್ಯರ್ಥವೆಂಬುದನ್ನು ವರ್ತಕ ಬಾಂಧವರು ಮರೆಯಬಾರದು.