‘ಆಗಂಡಿ’ ಎಂದರೆ ಆಗಲಿ ಅಲ್ಲ

ವಿಶಾಖಪಟ್ಟಣಕ್ಕೆ ಕೆಲಸಕ್ಕೆ ಬಂದ ಹೊಸತು. ವಿಜಯವಾಡದ ಗ್ರಾಹಕರೊಬ್ಬರ ಸರ್ವರ್‌ನಲ್ಲಿ ಒಂದು ಪವರ್ ಸಪ್ಲೈ ಬದಲಿಸಲು ನನ್ನನ್ನು ಕಳಿಸಿದ್ದರು. ಅದಕ್ಕೆ ಎರಡು ಪವರ್ ಸಪ್ಲೈ. ಒಂದನ್ನು ಎಳೆದರೂ ಇನ್ನೊಂದು ಯಂತ್ರವನ್ನು ನಡೆಸಬೇಕು. ಹಿಡಿಕೆಗೆ ಕೈ ಹಾಕಿದೆ. ಪರದೆ ನೋಡುತ್ತಿದ್ದ ಹಿರಿಯರು ‘ಆಗಂಡಿ, ಆಗಂಡಿ’ ಎಂದರು. ನನ್ನ ಕನ್ನಡದ ಕಿವಿಗೆ ‘ಆಗಲಿ’ ಎಂದೇ ಕೇಳಿಸಿತು. ಎಳೆದುಬಿಟ್ಟೆ. ಸರ್ವರ್ ಆರಿಹೋಯಿತು. ತೆಲುಗಿನಲ್ಲಿ ‘ಆಗು’ ಎಂದರೆ ‘ನಿಲ್ಲು’!

ತಪ್ಪು ಭಾಷೆಯದ್ದಷ್ಟೇ ಅಲ್ಲ. ಎರಡೂ 800 ವ್ಯಾಟ್‌ನವು. ಶುರುವಿನಲ್ಲಿ ಒಂದೇ ಸಾಕಾಗುತ್ತಿತ್ತು. ಆಮೇಲೆ ಕಾರ್ಡು, ಡಿಸ್ಕು ಸೇರಿಸುತ್ತ ಹೋಗಿ ಬೇಡಿಕೆ 900 ವ್ಯಾಟ್ ದಾಟಿತ್ತು. ಜೋಡೆತ್ತು ಎಳೆಯುವ ಹೇರನ್ನು ಒಂದೇ ಎತ್ತಿಗೆ ಬಿಟ್ಟಂತಾಯಿತು. ಉಳಿದ ಪವರ್ ಸಪ್ಲೈ ಸುಟ್ಟುಹೋಗದಿರಲು ತಾನೇ ಬಂದಾಯಿತು. ಅರ್ಧ ಗಂಟೆ ಬಿಲ್ಲಿಂಗ್ ನಿಂತು, ಕೌಂಟರ್ ಮುಂದೆ ಸಾಲು ಬೆಳೆಯಿತು.

ಓಡುವ ಯಂತ್ರಕ್ಕೆ ಹೊಸದನ್ನು ಸೇರಿಸುವಾಗಿನ ಅಪಾಯ ಬೇರೆ. ಹೊಸ ಕಾರ್ಡಿನ ಕೆಪಾಸಿಟರ್‌ಗಳು ಬತ್ತಿದ ಕೆರೆಯಿದ್ದಂತೆ. ತೂಬು ಒಮ್ಮೆಲೇ ಎತ್ತಿದರೆ ಕಾಲುವೆಯ ನೀರೆಲ್ಲ ಅತ್ತ ನುಗ್ಗಿ, ಪಕ್ಕದ ಗದ್ದೆ ಒಣಗುತ್ತದೆ. ಹಾಗೆಯೇ ವೋಲ್ಟೇಜ್ ಕುಸಿದು ಪಕ್ಕದ ಕಾರ್ಡುಗಳು ರೀಸೆಟ್ ಆಗಬಹುದು. ಅದಕ್ಕೇ ಹಾಟ್‌ಸ್ವಾಪ್ ಸರ್ಕಿಟ್ ಕರೆಂಟನ್ನು ಹಂತಹಂತವಾಗಿ ಬಿಡುತ್ತದೆ. ಕನೆಕ್ಟರ್‌ನ ಪಿನ್ನುಗಳೂ ಒಂದೇ ಉದ್ದ ಇರುವುದಿಲ್ಲ. ಸಾಮಾನ್ಯ ಪೆನ್‌ಡ್ರೈವ್‌ನ ಬಾಯಿ ನೋಡಿ: ಅಂಚಿನ ಎರಡು ಪಟ್ಟಿ ಉದ್ದ, ನಡುವಿನ ಎರಡು ಗಿಡ್ಡ. ಅಂಚಿನವು ಕರೆಂಟ್ ಮತ್ತು ಗ್ರೌಂಡಿನವು. ಮೊದಲು ತಾಗಿ ಕೊನೆಗೆ ಬಿಡುತ್ತವೆ. ನಡುವಿನವು ಡೇಟಾದವು.

ಕಾರ್ಡು ತೆಗೆಯುವಾಗಲೂ ಯಂತ್ರಕ್ಕೆ ಮೊದಲೇ ಹೇಳಬೇಕು. ಪಿಸಿಐ ಎಕ್ಸ್‌ಪ್ರೆಸ್ ಹಾಟ್‌ಪ್ಲಗ್ ಇರುವ ಕಡೆ ಸ್ಲಾಟಿನ ಗುಂಡಿ ಒತ್ತಿದರೆ ದೀಪ ಮಿಣುಕುತ್ತದೆ. ಸಾಫ್ಟ್‌ವೇರ್ ಆ ಕಾರ್ಡಿನ ಕೆಲಸ ಮುಗಿಸಿ ಕರೆಂಟ್ ಕಡಿದ ಮೇಲೆ ದೀಪ ಆರುತ್ತದೆ. ಆಗಷ್ಟೇ ಎಳೆಯಬೇಕು. ಮನಸ್ಸು ಬದಲಾದರೆ 5 ಸೆಕೆಂಡಿನೊಳಗೆ ಗುಂಡಿಯನ್ನು ಮತ್ತೊಮ್ಮೆ ಒತ್ತಿ ರದ್ದು ಮಾಡಬಹುದು. ಯಂತ್ರಕ್ಕೂ ‘ಆಗಂಡಿ’ ಅರ್ಥವಾಗುತ್ತದೆ. ಆವತ್ತು ಅರ್ಥವಾಗದಿದ್ದದ್ದು ನನಗೆ.

ಈಗ ಹಿಡಿಕೆ ಮುಟ್ಟುವ ಮೊದಲು ಎಷ್ಟು ವ್ಯಾಟ್ ಓಡುತ್ತಿದೆ ಎಂದು ನೋಡುತ್ತೇನೆ. ಒಂದೇ ಪವರ್ ಸಪ್ಲೈ ಹೊರಲಾರದು ಎನಿಸಿದರೆ ಕೆಲಸವನ್ನು ರಾತ್ರಿಗೆ ಮುಂದೂಡುತ್ತೇನೆ. ಹೊರುತ್ತದೆ ಎಂದಾದರೆ ಪಕ್ಕದವರನ್ನು ‘ತೀಯಮಂಟಾರಾ?’ ಎಂದು ತೆಲುಗಿನಲ್ಲೇ ಕೇಳುತ್ತೇನೆ, ತೆಗೆಯಲೇ ಎಂದು. ‘ತೀಯಂಡಿ’ ಎಂಬ ಉತ್ತರ ಬರುವವರೆಗೆ ಕೈ ಜೇಬಿನಲ್ಲೇ ಇರುತ್ತದೆ.