ಲೆನ್ಸಿನ ರೇಟು ಗೊತ್ತು, ಊಟದ ಬಿಲ್ಲು ಗೊತ್ತಿಲ್ಲ

ಕೊಪ್ಪ ತಾಲೂಕಿನ ಬಸರೀಕಟ್ಟೆಯಿಂದ ಒಬ್ಬರು ಫೋನ್ ಮಾಡಿದ್ರು. ಅಡಿಕೆ ತೋಟದವರು. ಕಾರ್ಯಕ್ರಮದಲ್ಲಿ ಮಾತಾಡೋಕಲ್ಲ, ಒಂದು ವಿಷಯ ಕೇಳೋಕೆ. "ಸಾರ್, ಅಮ್ಮಂಗೆ ಎರಡೂ ಕಣ್ಣಲ್ಲಿ ಪೊರೆ ಬಂದಿದೆ. ಆಸ್ಪತ್ರೇಲಿ ಹದಿನೆಂಟು ಸಾವಿರದ ಲೆನ್ಸೂ ಇದೆ, ಐವತ್ತೈದು ಸಾವಿರದ್ದೂ ಇದೆ ಅಂದ್ರು. ಡಾಕ್ಟ್ರು ದೊಡ್ಡದೇ ಹಾಕ್ಸಿ ಅಂತಾರೆ. ಅಮ್ಮನ ಕಣ್ಣಿಗೆ ಒಳ್ಳೇದು ಅಂತ ಹೇಳ್ತಿದಾರೋ, ಕಂಪನಿಗೆ ಒಳ್ಳೇದು ಅಂತಲೋ? ನಂಗೆ ಹೆಂಗೆ ಗೊತ್ತಾಗ್ಬೇಕು ಮಾರಾಯ್ರೆ?"

ಆ ಕ್ಷಣಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಈ ಪ್ರಶ್ನೆಯನ್ನು ಅವರು ಅಮೆರಿಕದಲ್ಲಿ ಕೇಳಿದ್ದರೆ ಅರ್ಧ ಉತ್ತರವಾದರೂ ಸಿಗುತ್ತಿತ್ತು. ಡಾಕ್ಟರ ಹೆಸರು ಟೈಪ್ ಮಾಡಿದರೆ ಸಾಕು. ಆ ಕಥೆ ಹೇಳ್ತೀನಿ ಕೇಳಿ, ಅದರ ನಡುವೆ ಇರೋನೂ ಒಬ್ಬ ಕಣ್ಣಿನ ಡಾಕ್ಟರೇ.

ಅಲ್ಲಿ 65 ದಾಟಿದವರಿಗೆ ಮೆಡಿಕೇರ್ ಅಂತ ಸರ್ಕಾರಿ ವಿಮೆ ಇದೆ. ಯಾವ ಡಾಕ್ಟರಿಗೆ ಸರ್ಕಾರ ಎಷ್ಟು ದುಡ್ಡು ಕೊಟ್ಟಿತು ಅನ್ನೋದನ್ನ ಹೇಳಬಾರದು ಅಂತ 1979ರಲ್ಲಿ ಫ್ಲೋರಿಡಾದ ಕೋರ್ಟೊಂದು ತಡೆ ಕೊಟ್ಟಿತ್ತು. ವೈದ್ಯರ ಖಾಸಗಿತನ ಅನ್ನೋದು ಕಾರಣ. ಮೂವತ್ತು ವರ್ಷಕ್ಕೂ ಮೇಲೆ ಆ ಬೀಗ ಹಾಗೇ ಇತ್ತು. ಕೊನೆಗೆ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ಮಾಲೀಕ ಸಂಸ್ಥೆ ಡೌ ಜೋನ್ಸ್ ಕೋರ್ಟಿಗೆ ಹೋಯ್ತು. 2013ರಲ್ಲಿ ತಡೆ ತೆರವಾಯ್ತು, 2014ರ ಏಪ್ರಿಲ್‌ನಲ್ಲಿ ಪಟ್ಟಿ ಹೊರಗೆ ಬಂತು. 8.8 ಲಕ್ಷಕ್ಕೂ ಹೆಚ್ಚು ವೈದ್ಯರು ಮತ್ತು ಸೇವೆ ಕೊಡುವವರು, 2012ರ ಒಂದೇ ವರ್ಷದ 77 ಬಿಲಿಯನ್ ಡಾಲರ್ ಲೆಕ್ಕ.

ಇಡೀ ದೇಶದ ಆ ಪಟ್ಟಿಯಲ್ಲಿ ನಂಬರ್ ಒನ್ ಯಾರು? ಹಾರ್ಟ್ ಸರ್ಜನ್ನಾ? ಕ್ಯಾನ್ಸರ್ ತಜ್ಞರಾ? ಅಲ್ಲ ಸ್ವಾಮಿ. ಫ್ಲೋರಿಡಾದ ಕಣ್ಣಿನ ಡಾಕ್ಟರ್, ಸಾಲೊಮನ್ ಮೆಲ್ಗನ್. ಒಂದು ವರ್ಷಕ್ಕೆ ಸುಮಾರು 2.1 ಕೋಟಿ ಡಾಲರ್.

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಟಿವಿಯಲ್ಲಿ ಕೂತು "ಎರಡು ಕೋಟಿ ಡಾಲರ್ ನುಂಗಿದ ಡಾಕ್ಟರ್" ಅಂತ ಕೂಗೋದು ಸುಲಭ, ನಾವೂ ಆ ಕೆಲಸ ಮಾಡಿದವರೇ. ಅಂಕಿ ಹೇಳೋದು ಮಾತ್ರ ಬೇರೆ. ಆತ ರೆಟಿನಾ ತಜ್ಞ. ವಯಸ್ಸಾದವರ ಅಕ್ಷಿಪಟಲ ಹಾಳಾಗೋ ಕಾಯಿಲೆಗೆ ಲೂಸೆಂಟಿಸ್ ಅನ್ನೋ ಇಂಜೆಕ್ಷನ್ ಕಣ್ಣಿನೊಳಗೇ ಕೊಡುತ್ತಾರೆ. ಒಂದು ಡೋಸಿಗೆ ಆಗ ಅಲ್ಲಿ ಸುಮಾರು 2,000 ಡಾಲರ್ ಇತ್ತು. ಔಷಧಿಯನ್ನು ಡಾಕ್ಟರೇ ಕೊಂಡುಕೊಂಡು, ಚುಚ್ಚಿ, ಆಮೇಲೆ ಸರ್ಕಾರಕ್ಕೆ ಬಿಲ್ ಹಾಕಬೇಕು. ಹಾಗಾಗಿ ಬಂದ ದುಡ್ಡಿನಲ್ಲಿ ದೊಡ್ಡ ಪಾಲು ಔಷಧ ಕಂಪನಿಗೇ ಹೋಗುತ್ತೆ. ಮೆಲ್ಗನ್ ಪರ ವಕೀಲರು ಇದನ್ನೇ ಹೇಳಿದ್ದು, ಅದರಲ್ಲಿ ನಿಜವೂ ಇತ್ತು.

ಆದರೆ ಇನ್ನೊಂದು ನಿಜ ಇದೆ. ಅವಾಸ್ಟಿನ್ ಅಂತ ಮತ್ತೊಂದು ಔಷಧಿ. ಮೂಲತಃ ಕ್ಯಾನ್ಸರಿಗೆ ಬಂದದ್ದು, ಕಣ್ಣಿಗೂ ಕೆಲಸ ಮಾಡುತ್ತೆ. ಒಂದು ಡೋಸಿಗೆ ಸುಮಾರು 50 ಡಾಲರ್. ಸರ್ಕಾರದ ನಿಯಮ ಏನಪ್ಪಾ ಅಂದ್ರೆ, ಔಷಧಿಯ ಸರಾಸರಿ ಬೆಲೆಯ ಮೇಲೆ ಡಾಕ್ಟರಿಗೆ ಶೇ 6 ಹೆಚ್ಚಿಗೆ. ಲೆಕ್ಕ ಹಾಕಿ ನೋಡಿ. 50 ಡಾಲರ್ ಔಷಧಿ ಚುಚ್ಚಿದರೆ ಸಿಗೋದು 3 ಡಾಲರ್. 2,000 ಡಾಲರಿನದ್ದು ಚುಚ್ಚಿದರೆ 120. ಡಾಕ್ಟರ್ ಕೆಟ್ಟವನಾಗಬೇಕಾಗಿಲ್ಲ ರೀ, ನಿಯಮವೇ ಆತನ ಕೈಯನ್ನು ದುಬಾರಿ ಬಾಟಲಿ ಕಡೆ ತಳ್ಳುತ್ತೆ.

ಮೆಲ್ಗನ್ ಅಲ್ಲಿಗೇ ನಿಲ್ಲಲಿಲ್ಲ. ಒಬ್ಬ ರೋಗಿಗೆ ಅಂತ ಇರೋ ಒಂದು ಬಾಟಲಿಯನ್ನ ಮೂರು ನಾಲ್ಕು ಜನಕ್ಕೆ ಹಂಚಿ, ಎಲ್ಲರ ಹೆಸರಲ್ಲೂ ಪೂರ್ತಿ ಬಿಲ್ ಹಾಕುತ್ತಿದ್ದ. ಇಲ್ಲದ ಕಾಯಿಲೆಗೂ ಚಿಕಿತ್ಸೆ ಕೊಟ್ಟಿದ್ದ. 2017ರಲ್ಲಿ 67 ಆರೋಪಗಳಲ್ಲಿ ತಪ್ಪಿತಸ್ಥ ಅಂತ ತೀರ್ಪು, 2018ರಲ್ಲಿ 17 ವರ್ಷ ಜೈಲು. 2021ರ ಜನವರಿಯಲ್ಲಿ ಟ್ರಂಪ್ ಕುರ್ಚಿ ಬಿಡೋ ಮೊದಲು ಶಿಕ್ಷೆ ಕಡಿತ ಮಾಡಿ ಬಿಡಿಸಿದರು, ಅದು ಬೇರೆ ಮಾತು. ಪಟ್ಟಿಯಿಂದಲೇ ಆತ ಸಿಕ್ಕಿಬಿದ್ದ ಅಂತಲೂ ಅಲ್ಲ. ಎಫ್‌ಬಿಐ 2013ರ ಜನವರಿಯಲ್ಲೇ ಆತನ ಕ್ಲಿನಿಕ್ ಮೇಲೆ ದಾಳಿ ಮಾಡಿತ್ತು. ಪಟ್ಟಿ ಮಾಡಿದ್ದು ಏನು ಅಂದ್ರೆ, ಪೊಲೀಸರಿಗೆ ಮಾತ್ರ ಗೊತ್ತಿದ್ದದ್ದು ರೋಗಿಗೂ ಗೊತ್ತಾಯ್ತು.

2014ರ ಸೆಪ್ಟೆಂಬರ್ 30ಕ್ಕೆ ಎರಡನೇ ಪಟ್ಟಿ ಬಂತು. ಇದು ಕಂಪನಿಗಳು ಡಾಕ್ಟರಿಗೆ ಕೊಡೋ ದುಡ್ಡಿನದು. 2010ರ ಸನ್‌ಶೈನ್ ಕಾಯ್ದೆ ಪ್ರಕಾರ ಔಷಧ ಕಂಪನಿ, ಲೆನ್ಸ್ ಕಂಪನಿ ಯಾರೇ ಆಗಲಿ, ಡಾಕ್ಟರಿಗೆ ಊಟ ಕೊಡಿಸಿದ್ದು, ವಿಮಾನ ಹತ್ತಿಸಿದ್ದು, ಭಾಷಣಕ್ಕೆ ಸಂಭಾವನೆ ಕೊಟ್ಟಿದ್ದು, ಎಲ್ಲ ಬರೆದುಕೊಡಬೇಕು. ಹತ್ತಿಪ್ಪತ್ತು ಡಾಲರಿನ ಊಟವೂ ಅಲ್ಲಿ ಕಾಣುತ್ತೆ. "ಒಂದು ಊಟಕ್ಕೆ ಯಾವ ಡಾಕ್ಟರ್ ಬದಲಾಗ್ತಾರೆ?" ಅಂತ ನಾನೂ ಅಂದುಕೊಂಡಿದ್ದೆ. 2016ರಲ್ಲಿ ಇದೇ ಅಂಕಿಅಂಶ ಇಟ್ಟುಕೊಂಡು ಸಂಶೋಧಕರು ನೋಡಿದಾಗ, ಕಂಪನಿಯಿಂದ ಒಂದೇ ಒಂದು ಊಟ ಪಡೆದವರೂ ಆ ಕಂಪನಿಯ ಬ್ರ್ಯಾಂಡನ್ನು ಹೆಚ್ಚು ಬರೆಯುತ್ತಿದ್ದರು. ಊಟದಿಂದಲೇ ಬರೆದರು ಅಂತ ಅದು ಸಾಬೀತು ಮಾಡಲಿಲ್ಲ, ಎರಡೂ ಒಟ್ಟಿಗೆ ಇರುತ್ತೆ ಅಂತ ತೋರಿಸಿತು, ಅಷ್ಟೇ.

ಈಗ ನಮ್ಮ ಮನೆಗೆ ಬರೋಣ.

ನಮ್ಮಲ್ಲಿ ನಿಯಮ ಇಲ್ಲ ಅಂತಲ್ಲ, ಇವೆ. ಡಾಕ್ಟರು ಕಂಪನಿಯಿಂದ ಉಡುಗೊರೆ, ಪ್ರವಾಸ ತಗೊಳ್ಳಬಾರದು ಅಂತ ವೈದ್ಯಕೀಯ ಮಂಡಳಿಯ ನಿಯಮಕ್ಕೆ 2009ರಲ್ಲೇ ತಿದ್ದುಪಡಿ ಬಂತು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ, ಡಾಕ್ಟರಿಗೆ ಕೊಟ್ಟ ಉಡುಗೊರೆಯನ್ನ ವ್ಯಾಪಾರದ ಖರ್ಚು ಅಂತ ತೋರಿಸಿ ತೆರಿಗೆ ಉಳಿಸುವ ಹಾಗಿಲ್ಲ ಅಂದಿತು. ಅದೇ ಜುಲೈನಲ್ಲಿ ಡೋಲೋ-650 ಮಾಡುವ ನಮ್ಮ ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಮೇಲೆ ಐಟಿ ದಾಳಿ ಆಯ್ತು. ಸಾವಿರ ಕೋಟಿ ರೂಪಾಯಿ ಕೊಡುಗೆಯ ಆರೋಪ. ಕಂಪನಿ ಅಲ್ಲಗಳೆಯಿತು. ನಾವು ಮೂರು ದಿನ ಚರ್ಚೆ ಮಾಡಿದೆವು. ಪಡೆದರು ಎನ್ನಲಾದ ಡಾಕ್ಟರುಗಳು ಯಾರು ಅನ್ನೋ ಪಟ್ಟಿ ಮಾತ್ರ ಜನರ ಮುಂದೆ ಬರಲೇ ಇಲ್ಲ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಔಷಧ ಮಾರಾಟಕ್ಕೆ ಹೊಸ ಸಂಹಿತೆ ತಂದಿತು. ಉಡುಗೊರೆ ಬೇಡ, ವಿದೇಶ ಪ್ರವಾಸ ಬೇಡ. ಒಳ್ಳೇದೇ. ದೂರು ಬಂದರೆ ವಿಚಾರಣೆ ಮಾಡೋರು ಯಾರು? ಕಂಪನಿಗಳದ್ದೇ ಸಂಘಗಳ ನೀತಿ ಸಮಿತಿ! ಅಮೆರಿಕದ ಹಾಗೆ ಡಾಕ್ಟರ ಹೆಸರು ಹಾಕಿ ನೋಡೋ ಸಾರ್ವಜನಿಕ ಪಟ್ಟಿ ನಮ್ಮಲ್ಲಿ ಇಲ್ಲ.

ಒಂದು ಮಾತು ವೈದ್ಯರ ಪರವಾಗಿ ಹೇಳಲೇಬೇಕು. ಮಲೆನಾಡಿನ ಹಿರಿಯರಿಗೆ "ಕಣ್ಣು ಕೊಟ್ಟ ಅಣ್ಣ" ಡಾ. ಎಂ.ಸಿ. ಮೋದಿ ಹೆಸರು ನೆನಪಿರುತ್ತೆ. ಊರೂರಿಗೆ ಹೋಗಿ ಪೊರೆ ತೆಗೆದವರು. ಅಂಥವರ ಹೆಸರು ಇಂಥ ಪಟ್ಟಿಯಲ್ಲಿ ಬಂದರೆ ಆಗೋ ನಷ್ಟ ಏನು? ಸೊನ್ನೆ ಅಂತ ಕಾಣುತ್ತೆ, ಅಷ್ಟೇ ತಾನೆ?

ಬಸರೀಕಟ್ಟೆಯವರಿಗೆ ಆಮೇಲೆ ನಾನೇ ಫೋನ್ ಮಾಡಿದೆ. 2017ರ ಕೆಪಿಎಂಇ ತಿದ್ದುಪಡಿ ನೆನಪಿದೆಯಲ್ಲ, ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ ಖಾಸಗಿ ಆಸ್ಪತ್ರೆಗಳು ಬಾಗಿಲು ಹಾಕಿ ಮುಷ್ಕರ ಮಾಡಿದ್ದು? ಆ ಕಾನೂನಿನ ಪ್ರಕಾರ ರೇಟು ಪ್ರದರ್ಶಿಸಲೇಬೇಕು, ಕೇಳಿ ಅಂದೆ. ಲೆನ್ಸಿನ ಕಂಪನಿ, ಮಾಡೆಲ್ಲು, ಡಬ್ಬಿ ಮೇಲಿನ ಎಂಆರ್‌ಪಿ ಕೇಳಿ. ಹೃದಯದ ಸ್ಟೆಂಟಿಗೆ 2017ರಲ್ಲಿ ಸರ್ಕಾರ ಗರಿಷ್ಠ ಬೆಲೆ ಕಟ್ಟಿದ ಹಾಗೆ ಕಣ್ಣಿನ ಲೆನ್ಸಿಗೆ ಕಟ್ಟಿಲ್ಲ. ಮಧುರೈನ ಅರೋಲ್ಯಾಬ್ 1992ರಿಂದ ಕಡಿಮೆ ದರದ ಲೆನ್ಸ್ ಮಾಡುತ್ತಿದೆ, ಅಗ್ಗ ಅಂದ ಮಾತ್ರಕ್ಕೆ ಕಳಪೆ ಅಲ್ಲ. ದುಬಾರಿ ಮಲ್ಟಿಫೋಕಲ್ ಲೆನ್ಸಿನಲ್ಲಿ ಹತ್ತಿರದ್ದೂ ದೂರದ್ದೂ ಕನ್ನಡಕ ಇಲ್ಲದೆ ಕಾಣಬಹುದು, ಆದರೆ ಕೆಲವರಿಗೆ ರಾತ್ರಿ ದೀಪದ ಸುತ್ತ ಬಳೆ ಕಾಣುತ್ತೆ. ಸಾಮಾನ್ಯ ಮಡಚುವ ಲೆನ್ಸಿನಲ್ಲಿ ದೂರದ್ದು ಚೆನ್ನಾಗಿರುತ್ತೆ, ಓದೋಕೆ ಕನ್ನಡಕ ಬೇಕು. "ಡಾಕ್ಟ್ರೇ, ನಿಮ್ಮ ತಾಯಿ ಆಗಿದ್ರೆ ಯಾವುದು ಹಾಕ್ತಿದ್ರಿ?" ಅಂತಲೂ ಕೇಳಿ ಅಂದೆ.

ಕೇಳಿದರಂತೆ. ಡಾಕ್ಟರ್ ಬೇಜಾರು ಮಾಡಿಕೊಳ್ಳಲಿಲ್ಲ. "ಅಮ್ಮ ಕನ್ನಡಕ ಹಾಕ್ತಾರಾ?" ಅಂತ ತಿರುಗಿ ಕೇಳಿದರು. "ನಲವತ್ತು ವರ್ಷದಿಂದ ಹಾಕ್ತಾರೆ" ಅಂದರಂತೆ ಇವರು. ಹದಿನೆಂಟು ಸಾವಿರದ್ದೇ ಸಾಕು ಅಂತ ಆಯ್ತು. ಬಲಗಣ್ಣು ಮುಗಿದಿದೆ, ಎಡಗಣ್ಣಿಗೆ ಕೊನೆ ಕೊಯ್ಲು ಮುಗಿಸ್ಕೊಂಡು ಹೋಗ್ತಾರಂತೆ.